ಈಸ್ಟರ್ ಊಟದ ತಯಾರಿ: ಬುಧವಾರದಿಂದ ಭಾನುವಾರದವರೆಗೆ

ಈಸ್ಟರ್‌ಗೆ ಮೊದಲಿನ ನಲವತ್ತು ದಿನಗಳ ತಪಸ್ಸು ಕಾಲ ಅರ್ಧಕ್ಕೆ ಬಂತು ಅನ್ನುವಾಗ ಪ್ರತಿ ವರ್ಷ ಅದೇ ಪ್ರಶ್ನೆಗಳು ಬರುತ್ತವೆ. ಸಾನ್ನಾ (ಕಳ್ಳು ಅಥವಾ ಯೀಸ್ಟ್ ಹಾಕಿ ಹುದುಗಿಸಿ, ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಅಕ್ಕಿ ತಿಂಡಿ) ಯಾಕೆ ಉಬ್ಬುವುದಿಲ್ಲ? ಹಂದಿ ಮಾಂಸಕ್ಕೆ ಎಣ್ಣೆ ಹಾಕಬೇಕಾ? ಎಂಟು ಜನಕ್ಕೆ ಎಷ್ಟು ಕೆಜಿ ತರಬೇಕು? ಕಳ್ಳು ಸಿಗದ ಊರಲ್ಲಿ ಏನು ಮಾಡೋದು? ಕೇಳುವವರಲ್ಲಿ ಹೆಚ್ಚಿನವರು ಮದುವೆಯಾಗಿ ಅಥವಾ ಕೆಲಸಕ್ಕೆಂದು ಊರು ಬಿಟ್ಟವರು. ಹಬ್ಬದ ಅಡುಗೆಯನ್ನು ಇಷ್ಟು ವರ್ಷ ಉಂಡಿದ್ದಾರೆ, ಮಾಡಿಲ್ಲ. ಅವರಿಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಇದು ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಮನೆಗಳ ಈಸ್ಟರ್ ಊಟ. ಕೊಂಕಣಿಯಲ್ಲಿ ನಾವು ಪಾಸ್ಕಾಂಚೆಂ ಫೆಸ್ತ್ ಅನ್ನುತ್ತೇವೆ. ಕೇರಳದವರು ಅಪ್ಪ, ಸ್ಟ್ಯೂ ಮಾಡುತ್ತಾರೆ, ಗೋವಾದವರು ಹಂದಿ ಮಾಂಸದ ಸೊರ್ಪೊತೆಲ್ ಮಾಡುತ್ತಾರೆ. ಅವೂ ಚೆನ್ನ. ಆದರೆ ನನಗೆ ಕೈ ಹಿಡಿದಿರುವುದು ನಮ್ಮ ಮನೆಯ ಅಡುಗೆ, ಅದನ್ನೇ ಹೇಳುತ್ತೇನೆ.

ಶುರು ಮಾಡುವ ಮೊದಲು ಒಂದು ವಿಷಯ. ಎಷ್ಟೋ ಮನೆಗಳಲ್ಲಿ ಶನಿವಾರ ರಾತ್ರಿ ಎಲ್ಲರೂ ಜಾಗರಣೆಯ ಬಲಿಪೂಜೆಗೆ, ಅಂದರೆ ಚರ್ಚಿನ ರಾತ್ರಿ ಪೂಜೆಗೆ ಹೋಗುತ್ತಾರೆ, ಒಬ್ಬರು ಮಾತ್ರ ಹಿಟ್ಟು ರುಬ್ಬುತ್ತಾ ಮನೆಯಲ್ಲೇ ಉಳಿಯುತ್ತಾರೆ. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗಲೂ ಅವರು ಒಲೆ ಮುಂದೆ ನಿಂತಿರುತ್ತಾರೆ. ಹೆಚ್ಚಾಗಿ ಅದು ಅಮ್ಮ. ಇಗರ್ಜಿಯ (ಚರ್ಚಿನ) ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಕ, ಅಂದರೆ ಈಸ್ಟರ್ ಮೇಣದ ಬತ್ತಿ ಹಚ್ಚಿ, ಆ ಬೆಳಕು ಒಬ್ಬರ ಕೈಯ ಬತ್ತಿಯಿಂದ ಇನ್ನೊಬ್ಬರ ಬತ್ತಿಗೆ ದಾಟುವುದನ್ನು ಅವರು ನೋಡುವುದೇ ಇಲ್ಲ. ಗುರುವಾರದಿಂದ ಸುಮ್ಮನಿದ್ದ ಗಂಟೆ ಗ್ಲೋರಿಯಾ ಸ್ತುತಿಗೀತೆ ಹಾಡುವಾಗ ಮತ್ತೆ ಬಾರಿಸುತ್ತದಲ್ಲ, ಅದೂ ಅವರಿಗೆ ಅಡುಗೆಮನೆಯ ಕಿಟಕಿಯಿಂದಲೇ ಕೇಳಬೇಕು. ಹಾಗಾಗಬಾರದು ಅಂತಲೇ ಈ ಕೆಲಸಗಳನ್ನು ಐದು ದಿನಗಳಿಗೆ ಹಂಚಿದ್ದೇನೆ. ರುಚಿಗೂ ಇದರಿಂದ ನಷ್ಟವಿಲ್ಲ. ಈ ಊಟದಲ್ಲಿರುವ ಮುಖ್ಯ ಪದಾರ್ಥಗಳು ಹಿಂದಿನ ದಿನ ಮಾಡಿಟ್ಟರೇ ಹೆಚ್ಚು ಚೆನ್ನಾಗಿರುತ್ತವೆ.

ಹಬ್ಬದ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಈಸ್ಟರ್. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಅಂದರೆ ಯಾವ ವರ್ಷವಾದರೂ ಕರಾವಳಿಯಲ್ಲಿ ಸುಡುವ ಸೆಕೆಯ ಕಾಲ. ಹಿಟ್ಟು ಬೇಗ ಹುಳಿ ಬರುತ್ತದೆ, ತೆಂಗಿನಕಾಯಿ ಬೇಗ ಹಳಸುತ್ತದೆ. ಮುಂದೆ ಹೇಳುವ ಎಲ್ಲ ಸಮಯಗಳೂ ಈ ಸೆಕೆಯ ಲೆಕ್ಕದಲ್ಲೇ ಇವೆ.

ಏನೇನು ಮಾಡೋಣ, ಎಷ್ಟು ಬೇಕು

ಎಂಟು ಜನರ ಮಧ್ಯಾಹ್ನದ ಊಟಕ್ಕೆ ಹೀಗೆ ಇಟ್ಟುಕೊಳ್ಳಿ: ಸಾನ್ನಾ 40, ಹಂದಿ ಮಾಂಸದ ಬಾಫತ್ (ಖಾರದ ಪುಡಿ ಹಾಕಿ ಬೇಯಿಸುವ ದಪ್ಪ ಸಾರು), ತೆಂಗಿನ ಹಾಲಿನ ಕೋಳಿ ಸಾರು, ತೊಂಡೆಕಾಯಿ ಮತ್ತು ಎಳೆ ಗೋಡಂಬಿಯ ಪಲ್ಯ, ಸ್ವಲ್ಪ ಅನ್ನ, ಸೌತೆಕಾಯಿ ಈರುಳ್ಳಿಯ ಸಲಾಡ್, ಮಕ್ಕಳಿಗೆ ಬಣ್ಣದ ಮೊಟ್ಟೆ, ಕೊನೆಗೆ ಮಾರ್ಜಿಪಾನ್. ಇಷ್ಟು ಸಾಕು. ಇದರ ಮೇಲೆ ಬಿರಿಯಾನಿ, ಮೀನು ಫ್ರೈ, ಕಟ್ಲೆಟ್ ಅಂತ ಸೇರಿಸಬೇಡಿ. ನಲವತ್ತು ದಿನ ಕಡಿಮೆ ತಿಂದ ಹೊಟ್ಟೆಗೆ ಒಮ್ಮೆಲೇ ಅಷ್ಟು ಹಿಡಿಸುವುದಿಲ್ಲ, ಪದಾರ್ಥ ಉಳಿದು ಹಾಳಾಗುತ್ತದೆ.

ಮಾಂಸದ ಲೆಕ್ಕ: ಹಂದಿ ಒಂದೂವರೆ ಕೆಜಿ, ಕೋಳಿ ಒಂದೂಕಾಲು ಕೆಜಿ. ಎರಡೂ ಇರುವುದರಿಂದ ತಲೆಗೆ ಮುನ್ನೂರೈವತ್ತು ಗ್ರಾಂ ಹತ್ತಿರ ಬರುತ್ತದೆ, ಮೂಳೆ ಮತ್ತು ಕೊಬ್ಬು ಕಳೆದು ಸರಿಯಾಗುತ್ತದೆ. ಒಂದೇ ಮಾಂಸ ಮಾಡುವುದಾದರೆ ಎರಡು ಕೆಜಿ ತನ್ನಿ.

ಹಂತ 1: ಬುಧವಾರ, ಬಾಫತ್ ಪುಡಿ

ಬಾಫತ್ ಪುಡಿ ಅಂದರೆ ನಮ್ಮ ಮನೆಗಳ ಖಾರದ ಪುಡಿ. ಹಂದಿಗೂ, ಕೋಳಿಗೂ, ಕುರಿಗೂ ಇದೇ. ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ, ಸಮಯ ಇಲ್ಲದಿದ್ದರೆ ಅದನ್ನೇ ತನ್ನಿ, ತಪ್ಪೇನಿಲ್ಲ. ಮನೆಯಲ್ಲಿ ಮಾಡುವುದಾದರೆ ಬೇಕಾದದ್ದು:

ಬ್ಯಾಡಗಿ ಮೆಣಸಿನಕಾಯಿ 250 ಗ್ರಾಂ, ಕೊತ್ತಂಬರಿ ಬೀಜ 125 ಗ್ರಾಂ, ಜೀರಿಗೆ 50 ಗ್ರಾಂ, ಕಾಳುಮೆಣಸು 30 ಗ್ರಾಂ, ಅರಿಶಿನ ಕೊಂಬು 25 ಗ್ರಾಂ, ಸಾಸಿವೆ ಎರಡು ಚಮಚ.

ಮೆಣಸಿನಕಾಯಿ ಬ್ಯಾಡಗಿಯೇ ಆಗಬೇಕು. ಹಾವೇರಿ ಜಿಲ್ಲೆಯ ಈ ಮೆಣಸು ಸುಕ್ಕುಸುಕ್ಕಾಗಿ ಉದ್ದಕ್ಕಿರುತ್ತದೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ಮೆಣಸು ಹಾಕಿದರೆ ಮೂರು ಚಮಚಕ್ಕೇ ಬಾಯಿ ಉರಿಯುತ್ತದೆ, ಆದರೂ ಸಾರು ಕೆಂಪಾಗುವುದಿಲ್ಲ. ಖಾರ ಬೇಕು ಅನ್ನುವವರು ಹತ್ತರಲ್ಲಿ ಒಂದು ಪಾಲು ಗುಂಟೂರು ಸೇರಿಸಿಕೊಳ್ಳಿ.

ಎಲ್ಲವನ್ನೂ ಬೇರೆ ಬೇರೆ ಬಟ್ಟೆಯ ಮೇಲೆ ಹರಡಿ ಒಂದು ಇಡೀ ದಿನ ಬಿಸಿಲಿಗೆ ಇಡಿ. ಮೆಣಸಿನಕಾಯಿಯನ್ನು ಬೆರಳಲ್ಲಿ ಒತ್ತಿದರೆ ಟಪ್ ಅಂತ ಮುರಿಯಬೇಕು. ಬಾಗಿದರೆ ಇನ್ನೂ ಒಣಗಿಲ್ಲ. ಹುರಿಯುವ ಅಗತ್ಯವಿಲ್ಲ. ತುಂಬಾ ಜನ ಇಲ್ಲೇ ತಪ್ಪುತ್ತಾರೆ: ಹುರಿದ ಪುಡಿಗೆ ಬೇರೆ ಸಾರಿನ ಪರಿಮಳ ಬಂದುಬಿಡುತ್ತದೆ, ಬಾಫತ್‌ನ ತಾಜಾ ಕೆಂಪು ಹೋಗಿ ಕಂದು ಬಣ್ಣವಾಗುತ್ತದೆ. ಫ್ಲ್ಯಾಟ್‌ನಲ್ಲಿ ಬಿಸಿಲು ಸಿಗದವರು ತೀರಾ ಸಣ್ಣ ಉರಿಯಲ್ಲಿ ಬಾಣಲೆ ಬೆಚ್ಚಗೆ ಮಾಡಿ, ತೇವ ಹೋಗುವಷ್ಟು ಮಾತ್ರ ಕೈಯಾಡಿಸಿ. ಅರಿಶಿನ ಕೊಂಬನ್ನು ಕುಟ್ಟಿ ಚೂರು ಮಾಡಿಯೇ ಮಿಕ್ಸಿಗೆ ಹಾಕಿ, ಇಡಿಯಾಗಿ ಹಾಕಿದರೆ ಬ್ಲೇಡ್ ಹೋಗುತ್ತದೆ. ನುಣ್ಣಗೆ ಪುಡಿ ಮಾಡಿ, ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ. ಹಬ್ಬಕ್ಕೆ ಇದರಲ್ಲಿ ಸ್ವಲ್ಪವೇ ಸಾಕು, ಉಳಿದದ್ದು ತಿಂಗಳುಗಟ್ಟಲೆ ಬರುತ್ತದೆ.

ಬುಧವಾರವೇ ಮಾಂಸದ ಅಂಗಡಿಗೆ ಫೋನ್ ಮಾಡಿ ಶನಿವಾರಕ್ಕೆ ಹೇಳಿಟ್ಟುಬಿಡಿ. ಶನಿವಾರ ಬೆಳಗ್ಗೆ ಅಲ್ಲಿ ಸಾಲು ಎಷ್ಟಿರುತ್ತದೆ ಅಂತ ಒಮ್ಮೆ ನಿಂತವರಿಗೆ ಗೊತ್ತು.

ಹಂತ 2: ಗುರುವಾರ ಬೆಳಗ್ಗೆ, ಮಾರ್ಜಿಪಾನ್

ಮಾರ್ಜಿಪಾನ್ ಅಂದರೆ ಗೋಡಂಬಿ ಮತ್ತು ಸಕ್ಕರೆಯ ಮೆತ್ತಗಿನ ಸಿಹಿ. ಯುರೋಪಿನಲ್ಲಿ ಬಾದಾಮಿಯಿಂದ ಮಾಡುವುದನ್ನು ನಮ್ಮ ಕಡೆ ಕೈಗೆ ಸಿಗುವ ಗೋಡಂಬಿಯಿಂದ ಮಾಡುತ್ತೇವೆ. ಈಸ್ಟರ್‌ಗೆ ಇದನ್ನು ಮೊಟ್ಟೆಯ ಆಕಾರಕ್ಕೆ ತರುತ್ತೇವೆ. ಸಂಜೆ ಪಾದ ತೊಳೆಯುವ ವಿಧಿಗೆ ಇಗರ್ಜಿಗೆ ಹೋಗುವುದಿರುತ್ತದೆ, ಹಾಗಾಗಿ ಬೆಳಗ್ಗೆಯೇ ಮುಗಿಸಿ.

ಗೋಡಂಬಿ 250 ಗ್ರಾಂ, ಸಕ್ಕರೆ ಪುಡಿ 250 ಗ್ರಾಂ, ಪನ್ನೀರು ಅಂದರೆ ಗುಲಾಬಿ ನೀರು ಮೂರು ದೊಡ್ಡ ಚಮಚ, ಬಾದಾಮಿ ಎಸೆನ್ಸ್ ನಾಲ್ಕು ಹನಿ.

ಗೋಡಂಬಿಯನ್ನು ಮಿಕ್ಸಿಯಲ್ಲಿ ತಡೆದು ತಡೆದು ಪುಡಿ ಮಾಡಿ. ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಆಮೇಲೆ ಸರಿ ಮಾಡಲಾಗದು. ಜರಡಿ ಹಿಡಿಯಿರಿ. ದಪ್ಪ ತಳದ ಬಾಣಲೆಯಲ್ಲಿ ಪುಡಿ, ಸಕ್ಕರೆ, ಪನ್ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಮೊದಲು ಸಕ್ಕರೆ ಕರಗಿ ಸಡಿಲವಾಗುತ್ತದೆ, ಹೆದರಿ ಇನ್ನಷ್ಟು ಗೋಡಂಬಿ ಸುರಿಯಬೇಡಿ. ಎಂಟು ಹತ್ತು ನಿಮಿಷಕ್ಕೆ ಬಾಣಲೆಯ ಬದಿ ಬಿಟ್ಟು ಒಂದೇ ಮುದ್ದೆಯಾಗಿ ಚಮಚದ ಜೊತೆ ಸುತ್ತತೊಡಗುತ್ತದೆ. ಆಗ ಕಡಲೆಕಾಳಿನಷ್ಟು ತೆಗೆದು, ಊದಿ ಆರಿಸಿ, ಬೆರಳುಗಳ ನಡುವೆ ಉರುಟಿಸಿ ನೋಡಿ. ಅಂಟದೆ ಗುಂಡಾದರೆ ತಕ್ಷಣ ಒಲೆ ಆರಿಸಿ ಎಸೆನ್ಸ್ ಹಾಕಿ. ಇನ್ನೆರಡು ನಿಮಿಷ ಇರಲಿ ಅಂತ ಬಿಟ್ಟರೆ ಆರಿದ ಮೇಲೆ ಕಲ್ಲಾಗುತ್ತದೆ.

ಕೈ ತಾಳುವಷ್ಟು ಬಿಸಿ ಇರುವಾಗ ತುಪ್ಪ ಸವರಿದ ಕೈಯಿಂದ ಚೆನ್ನಾಗಿ ನಾದಿ. ಮೂರು ಭಾಗ ಮಾಡಿ ಬೇಕಾದ ಬಣ್ಣ ಒಂದೊಂದು ಹನಿ ಸೇರಿಸಿ. ಅಚ್ಚು ಇದ್ದರೆ ಅಚ್ಚಿನಲ್ಲಿ ಒತ್ತಿ, ಇಲ್ಲದಿದ್ದರೆ ಅಂಗೈಯಲ್ಲೇ ಮೊಟ್ಟೆ ಮಾಡಿ, ಮೊದಲು ಉಂಡೆ, ಆಮೇಲೆ ಒಂದು ತುದಿಯನ್ನು ಮೆಲ್ಲಗೆ ಚೂಪಾಗಿಸಿದರೆ ಆಯಿತು. ಬಟ್ಟೆ ಮುಚ್ಚಿ ಗಾಳಿಗೆ ಆರಲು ಬಿಟ್ಟು, ಸಂಜೆ ಡಬ್ಬಕ್ಕೆ ಹಾಕಿ. ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಿ. ಅವರು ಮಾಡಿದ ಮೊಟ್ಟೆ ಸೊಟ್ಟಗಿದ್ದರೂ ತಟ್ಟೆಯಲ್ಲಿ ಅದನ್ನೇ ಮುಂದಿಡಿ.

ಹಂತ 3: ಶುಭ ಶುಕ್ರವಾರ, ಏನೂ ಬೇಡ

ಈ ದಿನ ಉಪವಾಸ. 18ರಿಂದ 59 ವರ್ಷದವರಿಗೆ ಒಂದೇ ಹೊತ್ತು ಪೂರ್ತಿ ಊಟ, ಮಾಂಸ ಇಲ್ಲ. ಗಂಜಿ, ಚಟ್ನಿ ಸಾಕು. ಹಬ್ಬದ ಕೆಲಸ ಸ್ವಲ್ಪ ಮುಗಿಸಿಕೊಳ್ಳೋಣ ಅಂತ ಕೆಲವರು ಶುಕ್ರವಾರವೇ ಮಾಂಸ ತಂದು ಮಸಾಲೆ ಹಚ್ಚಿಡುತ್ತಾರೆ. ನನ್ನ ಮಾತು ಕೇಳುವುದಾದರೆ ಬೇಡ. ಈ ಒಂದು ದಿನ ಅಡುಗೆಮನೆಯೂ ಸುಮ್ನೆ ಇರಲಿ. ಬಾಫತ್‌ಗೆ ಎರಡು ದಿನ ನೆನೆಯುವ ಅಗತ್ಯವೂ ಇಲ್ಲ.

ಹಂತ 4: ಶನಿವಾರ ಬೆಳಗ್ಗೆ, ಬಾಫತ್

ಅಂಗಡಿಯಲ್ಲಿ ಹೀಗೆ ಕೇಳಿ: "ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡು ಕೊಡಿ, ಸ್ವಲ್ಪ ಮೂಳೆಯೂ ಇರಲಿ." ಬರೀ ಮಾಂಸ ತಂದರೆ ಬಾಫತ್ ನಾರುನಾರಾಗಿ ಒಣಗುತ್ತದೆ. ತುಂಬಾ ಕೊಬ್ಬಿದ್ದರೆ ಎಣ್ಣೆಯಲ್ಲಿ ತೇಲುತ್ತದೆ. ಮೂರು ಪಾಲು ಮಾಂಸಕ್ಕೆ ಒಂದು ಪಾಲು ಕೊಬ್ಬು ಸರಿಯಾದ ಹದ. ತುಂಡು ಒಂದು ಇಂಚಿಗಿಂತ ಸ್ವಲ್ಪ ದೊಡ್ಡದಿರಲಿ, ಬೆಂದಾಗ ಕುಗ್ಗುತ್ತದೆ. ಮನೆಗೆ ತಂದ ಮೇಲೆ ಚರ್ಮದ ಮೇಲೆ ಬೆರಳಾಡಿಸಿ ನೋಡಿ. ರೋಮ ಉಳಿದಿದ್ದರೆ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಸುಟ್ಟು, ಚಾಕುವಿನಿಂದ ಕೆರೆದು ತೊಳೆಯಿರಿ.

ಒಂದೂವರೆ ಕೆಜಿಗೆ: ಬಾಫತ್ ಪುಡಿ ಐದು ದೊಡ್ಡ ಚಮಚ, ದೊಡ್ಡ ಈರುಳ್ಳಿ ನಾಲ್ಕು, ಹಸಿಮೆಣಸು ಆರು, ಶುಂಠಿ ಎರಡು ಇಂಚು, ಬೆಳ್ಳುಳ್ಳಿ ಎರಡು ಗಡ್ಡೆ, ಲವಂಗ ಆರು, ಚಕ್ಕೆ ಎರಡು ಇಂಚು, ಪಲಾವ್ ಎಲೆ ಎರಡು, ವಿನೆಗರ್ ಮೂರು ದೊಡ್ಡ ಚಮಚ, ಉಪ್ಪು. ವಿನೆಗರ್ ಸಾಧ್ಯವಾದರೆ ತೆಂಗಿನ ಕಳ್ಳಿನದ್ದು ತನ್ನಿ. ಅಂಗಡಿಯ ಬಿಳಿ ವಿನೆಗರ್‌ಗೆ ಹುಳಿ ಮಾತ್ರ ಇದೆ, ಪರಿಮಳ ಇಲ್ಲ, ಅದನ್ನು ಹಾಕುವುದಾದರೆ ಎರಡೇ ಚಮಚ ಹಾಕಿ. ವಿನೆಗರ್ ಇಷ್ಟವಿಲ್ಲದವರು ನಿಂಬೆ ಗಾತ್ರದ ಹುಣಸೆಹಣ್ಣಿನ ರಸ ಹಾಕುತ್ತಾರೆ.

ಪಾತ್ರೆ ಮಣ್ಣಿನದ್ದು ಅಥವಾ ದಪ್ಪ ತಳದ ಸ್ಟೀಲಿನದ್ದು ಇರಲಿ. ಅಲ್ಯೂಮಿನಿಯಂ ಬೇಡ, ಹುಳಿ ಸೇರಿದರೆ ರುಚಿ ಕೆಡುತ್ತದೆ.

ಮಾಂಸದ ನೀರು ಪೂರ್ತಿ ಬಸಿಯಿರಿ. ಈರುಳ್ಳಿ ಹೆಚ್ಚಿ, ಶುಂಠಿ ಬೆಳ್ಳುಳ್ಳಿ ಜಜ್ಜಿ, ಹಸಿಮೆಣಸು ಸೀಳಿ, ಎಲ್ಲವನ್ನೂ ಮಾಂಸದ ಜೊತೆ ಪಾತ್ರೆಗೇ ಹಾಕಿ ಕೈಯಿಂದ ಕಲಸಿ. ಹೌದು, ಕೈಯಿಂದಲೇ. ಈರುಳ್ಳಿಯನ್ನು ಹಿಸುಕಿ ಹಿಸುಕಿ ಕಲಸಿದರೆ ಅದು ನೀರು ಬಿಡುತ್ತದೆ, ಆ ನೀರಿನಲ್ಲೇ ಮಾಂಸ ಬೇಯಬೇಕು. ಅರ್ಧ ಗಂಟೆ ಹಾಗೇ ಇಡಿ.

ಈಗ ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ. ಎಣ್ಣೆ ಒಂದು ಹನಿಯೂ ಬೇಡ. ನೀರೂ ಬೇಡ. ಮೊದಲ ಹತ್ತು ನಿಮಿಷ ಪಾತ್ರೆಯಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ತಳ ಹಿಡಿಯುತ್ತದೋ ಅಂತ ಭಯವಾಗುತ್ತದೆ. ಮುಚ್ಚಳ ತೆಗೆದು ಒಮ್ಮೆ ಕೈಯಾಡಿಸಿ, ಮತ್ತೆ ಮುಚ್ಚಿ. ಇಪ್ಪತ್ತನೇ ನಿಮಿಷಕ್ಕೆ ನೋಡಿದರೆ ಮಾಂಸ ತನ್ನದೇ ರಸದಲ್ಲಿ ಅರ್ಧ ಮುಳುಗಿರುತ್ತದೆ. ಅಲ್ಲಿಂದ ಮುಂದೆ ಹದಿನೈದು ನಿಮಿಷಕ್ಕೊಮ್ಮೆ ತಿರುವಿದರೆ ಸಾಕು. ಒಂದು ಗಂಟೆಯಿಂದ ಒಂದೂಕಾಲು ಗಂಟೆ ಬೇಕು. ಸಾರು ದಪ್ಪವಾಗಿ ಮೇಲೆ ಕೆಂಪು ಕೊಬ್ಬು ತೇಲಬೇಕು, ಚರ್ಮದ ತುಂಡಿಗೆ ಉಗುರು ಒತ್ತಿದರೆ ಇಳಿಯಬೇಕು. ಉಪ್ಪು, ಹುಳಿ ಕೊನೆಗೆ ನೋಡಿ ಸರಿ ಮಾಡಿ.

ಕುಕ್ಕರ್‌ನಲ್ಲಿ ಆಗುವುದಿಲ್ಲವಾ? ಆಗುತ್ತದೆ, ಆದರೆ ಮಾಂಸ ಬೇಯುವಷ್ಟರಲ್ಲಿ ಚರ್ಮ ಕರಗಿ ಅಂಟಾಗುತ್ತದೆ. ತೀರಾ ಅವಸರವಿದ್ದರೆ ಎರಡು ಸೀಟಿ ಕೂಗಿಸಿ, ಉಳಿದದ್ದನ್ನು ತೆರೆದ ಪಾತ್ರೆಯಲ್ಲಿ ಮುಗಿಸಿ.

ಒಂದು ಎಚ್ಚರಿಕೆ. ಹಂದಿ ಮಾಂಸವನ್ನು ಅರೆಬರೆ ಬೇಯಿಸಬಾರದು, ಲಾಡಿಹುಳುವಿನ ಅಪಾಯವಿದೆ. ದೊಡ್ಡ ತುಂಡೊಂದನ್ನು ಕತ್ತರಿಸಿ ನೋಡಿ, ಒಳಗೆ ಗುಲಾಬಿ ಬಣ್ಣ ಇರಬಾರದು.

ಬೆಂದ ಮೇಲೆ ಪೂರ್ತಿ ಆರಲು ಬಿಟ್ಟು ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಹಿಂದಿನವರು ಮಣ್ಣಿನ ಪಾತ್ರೆಯಲ್ಲಿ ಒಲೆಯ ಮೇಲೇ ಇಟ್ಟು ಆಗಾಗ ಕುದಿಸುತ್ತಿದ್ದರು. ಈಗಿನ ಅಡುಗೆಮನೆಯಲ್ಲಿ ಅದು ನಡೆಯುವುದಿಲ್ಲ, ರಾತ್ರಿಯಿಡೀ ಹೊರಗೆ ಬಿಡಬೇಡಿ. ಭಾನುವಾರ ತೆಗೆದಾಗ ಮೇಲೆ ಬೆಳ್ಳಗೆ ಕೊಬ್ಬು ಗಟ್ಟಿಯಾಗಿರುತ್ತದೆ. ಜಾಸ್ತಿ ಅನ್ನಿಸಿದರೆ ಅರ್ಧ ತೆಗೆದು ಒಂದು ಬಟ್ಟಲಲ್ಲಿ ಇಟ್ಟುಕೊಳ್ಳಿ, ಎಸೆಯಬೇಡಿ.

ಹಂದಿ ತಿನ್ನದವರು, ಕುವೈತ್, ಸೌದಿಯಂಥ ಕಡೆ ಸಿಗದವರು ಇದೇ ಪುಡಿಯಲ್ಲಿ ಕುರಿ ಅಥವಾ ಕೋಳಿ ಬಾಫತ್ ಮಾಡಿ. ಆಗ ಮಾತ್ರ ಎರಡು ಚಮಚ ಎಣ್ಣೆ ಬೇಕಾಗುತ್ತದೆ. ಕುರಿಗೆ ಒಂದು ಲೋಟ ನೀರು, ಕೋಳಿಗೆ ಮುಕ್ಕಾಲು ಗಂಟೆ ಸಾಕು.

ಹಂತ 5: ಶನಿವಾರ ಮಧ್ಯಾಹ್ನ, ಅಕ್ಕಿ ನೆನೆಸಿ, ಮೊಟ್ಟೆಗೆ ಬಣ್ಣ

ಸಾನ್ನಾಕ್ಕೆ ಅಕ್ಕಿ ಈಗ ನೆನೆಯಬೇಕು. ಬಿಳಿ ಕುಚಲಕ್ಕಿ ಮೂರು ಲೋಟ (ಘಟ್ಟದ ಮೇಲೆ ಇಡ್ಲಿ ಅಕ್ಕಿ ಅಂತ ಕೇಳಿ), ದೋಸೆ ಅಕ್ಕಿ ಒಂದು ಲೋಟ ಒಟ್ಟಿಗೆ. ಉದ್ದಿನ ಬೇಳೆ ಮುಕ್ಕಾಲು ಲೋಟ ಬೇರೆ. ಅಕ್ಕಿಗೆ ಐದಾರು ಗಂಟೆ, ಉದ್ದಿಗೆ ಎರಡು ಗಂಟೆ.

ಅದು ನೆನೆಯುವಾಗ ಮಕ್ಕಳ ಜೊತೆ ಮೊಟ್ಟೆಗೆ ಬಣ್ಣ ಹಾಕಿ. ಹತ್ತು ಈರುಳ್ಳಿಯ ಒಣ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ ಸೋಸಿ, ಒಂದು ಚಮಚ ವಿನೆಗರ್ ಹಾಕಿ, ಬಿಳಿ ಮೊಟ್ಟೆಗಳನ್ನು ಅದೇ ನೀರಿನಲ್ಲಿ ಹನ್ನೆರಡು ನಿಮಿಷ ಬೇಯಿಸಿ ಅಲ್ಲೇ ಆರಲು ಬಿಡಿ. ಕಿತ್ತಳೆಯಿಂದ ಗಾಢ ಕೆಂಗಂದು ಬಣ್ಣದವರೆಗೆ ಬರುತ್ತದೆ. ಬೇಯಿಸುವ ಮೊದಲು ಒಂದು ಕೊತ್ತಂಬರಿ ಎಲೆಯನ್ನು ಚಿಪ್ಪಿಗೆ ಅಂಟಿಸಿ ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದರೆ, ಬಿಚ್ಚಿದಾಗ ಎಲೆಯ ಒಂದೊಂದು ಹಲ್ಲೂ ಬಿಳಿಯಾಗಿ ಮೂಡಿರುತ್ತದೆ. ಹಳದಿಗೆ ಅರಿಶಿನದ ನೀರು. ಬಣ್ಣ ಹಾಕಿದ ಮೊಟ್ಟೆ ತಿನ್ನುವುದಕ್ಕೂ ಹೌದು, ಆದ್ದರಿಂದ ಫ್ರಿಜ್‌ನಲ್ಲಿಡಿ, ಭಾನುವಾರ ಊಟದ ಹೊತ್ತಿಗೆ ಹೊರಗೆ ತೆಗೆಯಿರಿ.

ಸಂಜೆ ಆರಕ್ಕೆ ರುಬ್ಬಲು ಕೂರಿ. ಮೊದಲು ಉದ್ದು, ಹಗುರವಾಗಿ ಉಬ್ಬುವವರೆಗೆ. ಆಮೇಲೆ ಅಕ್ಕಿ, ನುಣ್ಣಗೆ. ಇಡ್ಲಿಯ ಹಾಗೆ ರವೆರವೆಯಾಗಿ ಬೇಡ. ನೀರು ಆದಷ್ಟು ಕಡಿಮೆ. ಎರಡನ್ನೂ ಕಲಸಿ, ಯೀಸ್ಟ್ ಹಾಕದೆ, ಉಪ್ಪು ಹಾಕದೆ ದೊಡ್ಡ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಕೋಳಿ ಸಾರಿನ ಮಸಾಲೆಯನ್ನೂ ಈಗಲೇ ಹುರಿದಿಡಿ: ಬ್ಯಾಡಗಿ ಮೆಣಸು 15, ಕೊತ್ತಂಬರಿ ಬೀಜ ಎರಡು ದೊಡ್ಡ ಚಮಚ, ಜೀರಿಗೆ, ಕಾಳುಮೆಣಸು ಒಂದೊಂದು ಸಣ್ಣ ಚಮಚ, ಮೆಂತ್ಯ ಕಾಲು ಚಮಚ. ತೆಂಗಿನಕಾಯಿ ಮಾತ್ರ ಈಗ ಒಡೆಯಬೇಡಿ.

ಈಗ ಕೈ ತೊಳೆದು ಎಲ್ಲರ ಜೊತೆ ಇಗರ್ಜಿಗೆ ಹೊರಡಿ.

ಹಂತ 6: ಭಾನುವಾರ ಬೆಳಗ್ಗೆ, ಸಾನ್ನಾ

ಜಾಗರಣೆ ಮುಗಿಸಿ ತಡವಾಗಿ ಮಲಗಿರುತ್ತೀರಿ, ಆದರೂ ಏಳು ಗಂಟೆಗೆ ಯಾರಾದರೂ ಎದ್ದು ಹಿಟ್ಟನ್ನು ಫ್ರಿಜ್‌ನಿಂದ ಹೊರಗಿಡಬೇಕು. ಅಷ್ಟು ಮಾಡಿ ಮತ್ತೆ ಮಲಗಬಹುದು. ಒಂಬತ್ತಕ್ಕೆ ಹಿಟ್ಟಿನ ತಣ್ಣಗಿನ ತನ ಹೋಗಿರುತ್ತದೆ.

ಈಗ ಯೀಸ್ಟ್. ಯೀಸ್ಟ್ ಅಂದರೆ ಹಿಟ್ಟನ್ನು ಹುದುಗಿಸುವ ಜೀವಾಣು, ಒಣ ಕಾಳಿನ ರೂಪದಲ್ಲಿ ಸಿಗುತ್ತದೆ. ಅದಕ್ಕೆ ಜೀವ ಇದೆ ಅನ್ನುವುದನ್ನು ಮರೆತವರ ಸಾನ್ನಾವೇ ಉಬ್ಬದೆ ಕೂರುವುದು. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಸಣ್ಣ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಯೀಸ್ಟ್ ಹಾಕಿ. ನೀರಿನ ಬಿಸಿ ನೋಡಲು ಕಿರುಬೆರಳು ಅದ್ದಿ: ಬೆಚ್ಚಗಿದೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು. ಮದುವೆಯಾದ ಮೊದಲ ವರ್ಷ ನಾನು ಚಹಾದಷ್ಟು ಬಿಸಿ ನೀರು ಹಾಕಿದ್ದೆ. ಯೀಸ್ಟ್ ಸತ್ತು ನಲವತ್ತು ಸಾನ್ನಾವೂ ಚಪ್ಪಟೆಯಾಗಿ ಉಳಿದವು, ಆ ದಿನದ ಬೇಸರ ಇನ್ನೂ ನೆನಪಿದೆ. ಹತ್ತು ನಿಮಿಷದಲ್ಲಿ ಮೇಲೆ ಕೆನೆಯಂಥ ನೊರೆ ಏಳಬೇಕು. ಏಳಲಿಲ್ಲವಾದರೆ ಆ ಯೀಸ್ಟ್ ಹಳೆಯದು. ಹಿಟ್ಟಿಗೆ ಹಾಕಬೇಡಿ, ಹೊಸ ಪ್ಯಾಕೆಟ್ ತೆಗೆಯಿರಿ. ಇದಕ್ಕೇ ಒಂದು ಪ್ಯಾಕೆಟ್ ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು.

ನೊರೆ ಬಂದ ಯೀಸ್ಟ್, ಉಪ್ಪು, ಇನ್ನೆರಡು ಚಮಚ ಸಕ್ಕರೆ ಹಿಟ್ಟಿಗೆ ಸೇರಿಸಿ ಕಲಸಿ. ಹದ ಇಡ್ಲಿ ಹಿಟ್ಟಿನಷ್ಟೇ ಇರಲಿ. ದೋಸೆ ಹಿಟ್ಟಿನಷ್ಟು ನೀರಾದರೆ ಉಬ್ಬಿದರೂ ನಡುವೆ ಕುಸಿಯುತ್ತದೆ. ಪಾತ್ರೆ ಹಿಟ್ಟಿನ ಎರಡರಷ್ಟು ದೊಡ್ಡದಿರಬೇಕು. ಕರಾವಳಿಯ ಸೆಕೆಯಲ್ಲಿ ಎರಡು ಗಂಟೆ ಸಾಕು, ಬೆಂಗಳೂರಿನಲ್ಲಿ ಎರಡೂವರೆ. ಲಂಡನ್, ಟೊರಾಂಟೊದಂಥ ಚಳಿ ಊರಿನವರು ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಉರಿಸಿ ಅದರಲ್ಲಿಡಿ.

ಊರಿನಲ್ಲಿರುವವರಿಗೆ ಕಳ್ಳು ಸಿಕ್ಕರೆ ಯೀಸ್ಟೇ ಬೇಡ. ಪರವಾನಗಿ ಇರುವ ಅಂಗಡಿಯಿಂದ ಆ ದಿನ ಇಳಿಸಿದ ತಾಜಾ ಕಳ್ಳು ತನ್ನಿ. ಆಗ ಶನಿವಾರ ರುಬ್ಬಿಡುವ ಬದಲು ಭಾನುವಾರ ಬೆಳಗ್ಗೆ ಬೇಗ ರುಬ್ಬಬೇಕು, ನೀರಿನ ಬದಲು ಕಳ್ಳು ಹಾಕಿ, ನಾಲ್ಕೈದು ಗಂಟೆ ಹುದುಗಲು ಬಿಡಬೇಕು. ಆ ಪರಿಮಳಕ್ಕೆ ಸಾಟಿ ಇಲ್ಲ, ನಿಜ. ಆದರೆ ನಿನ್ನೆಯ ಹುಳಿ ಕಳ್ಳು ಹಾಕುವುದಕ್ಕಿಂತ ಒಳ್ಳೆಯ ಯೀಸ್ಟ್ ಎಷ್ಟೋ ಮೇಲು.

ಬೇಯಿಸುವಾಗ ನೆನಪಿಡಬೇಕಾದದ್ದು:

ಉಬ್ಬಿದ ಹಿಟ್ಟನ್ನು ಸೌಟಿನಿಂದ ಕಲಕಬೇಡಿ. ಒಂದು ಬದಿಯಿಂದ ಮೆಲ್ಲಗೆ ತೆಗೆಯಿರಿ. ಕಲಕಿದರೆ ಒಳಗಿನ ಗಾಳಿಯೆಲ್ಲ ಹೋಯಿತು.

ಬಟ್ಟಲಿಗೆ ಅರ್ಧ ಮಾತ್ರ ಹಿಟ್ಟು. ಉಳಿದರ್ಧ ಉಬ್ಬಲು ಬೇಕು.

ತೊಂದೂರಿನಲ್ಲಿ, ಅಂದರೆ ನಮ್ಮ ಕಡೆಯ ಹಬೆಪಾತ್ರೆಯಲ್ಲಿ, ನೀರು ಕುದಿದು ಹಬೆ ಜೋರಾಗಿ ಬಂದ ಮೇಲೆಯೇ ಬಟ್ಟಲು ಇಡಿ. ಇಡ್ಲಿ ಪಾತ್ರೆಯೂ ಆಗುತ್ತದೆ, ಆದರೆ ಅದರ ತಟ್ಟೆಗಳ ಬದಲು ಸಣ್ಣ ಸ್ಟೀಲ್ ಬಟ್ಟಲು ಬಳಸಿ.

ಮುಚ್ಚಳಕ್ಕೆ ಬಟ್ಟೆ ಸುತ್ತಿ. ಇಲ್ಲದಿದ್ದರೆ ಹಬೆಯ ನೀರು ತೊಟ್ಟಿಕ್ಕಿ ಸಾನ್ನಾದ ಮೇಲೆ ಹಳ್ಳ ಬೀಳುತ್ತದೆ.

ಹದಿನೈದು ನಿಮಿಷ, ನಡುವೆ ತೆರೆಯಬಾರದು. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು. ಐದು ನಿಮಿಷ ಆರಿಸಿಯೇ ಬಟ್ಟಲಿನಿಂದ ಬಿಡಿಸಿ. ಒಳ್ಳೆಯ ಸಾನ್ನಾವನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಸ್ಪಂಜಿನ ಹಾಗೆ ಮತ್ತೆ ಮೇಲೇಳುತ್ತದೆ, ಮುರಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು ಕಾಣುತ್ತದೆ. ಆ ತೂತುಗಳಿಗೆ ಬಾಫತ್‌ನ ಸಾರು ಇಳಿಯಬೇಕು, ಅದಕ್ಕೇ ಇಷ್ಟೆಲ್ಲ.

ಹಂತ 7: ಸಾನ್ನಾ ಹುದುಗುವಾಗ ಕೋಳಿ ಮತ್ತು ಪಲ್ಯ

ಹಿಟ್ಟು ಉಬ್ಬುವ ಎರಡು ಗಂಟೆಯಲ್ಲಿ ಉಳಿದದ್ದು ಮುಗಿಯುತ್ತದೆ. ಒಂದು ದೊಡ್ಡ ತೆಂಗಿನಕಾಯಿ ತುರಿದು ಅರ್ಧದಿಂದ ಒಂದು ಲೋಟ ಗಟ್ಟಿ ಹಾಲು ತೆಗೆದಿಡಿ. ಇನ್ನರ್ಧವನ್ನು ಕೆಂಪಗೆ ಹುರಿದು, ನಿನ್ನೆಯ ಮಸಾಲೆ, ಆರು ಎಸಳು ಬೆಳ್ಳುಳ್ಳಿ, ಒಂದು ಹುರಿದ ಈರುಳ್ಳಿ, ಸ್ವಲ್ಪ ಹುಣಸೆಹಣ್ಣು, ಅರಿಶಿನದ ಜೊತೆ ನುಣ್ಣಗೆ ರುಬ್ಬಿ. ಈರುಳ್ಳಿ ಬಾಡಿಸಿ, ಕೋಳಿ ಹಾಕಿ, ಉಪ್ಪು ಸೇರಿಸಿ ಮುಕ್ಕಾಲು ಬೇಯಿಸಿ, ರುಬ್ಬಿದ ಮಸಾಲೆ ಹಾಕಿ ಕುದಿಸಿ. ಗಟ್ಟಿ ಹಾಲು ತೀರಾ ಕೊನೆಗೆ. ಹಾಲು ಬಿದ್ದ ಮೇಲೆ ಅಂಚಿನಲ್ಲಿ ಒಂದೆರಡು ಗುಳ್ಳೆ ಕಂಡ ಕೂಡಲೇ ಇಳಿಸಿ, ಕುದಿ ಬಂದರೆ ಒಡೆಯುತ್ತದೆ.

ಪಲ್ಯಕ್ಕೆ ತೊಂಡೆಕಾಯಿ ಅರ್ಧ ಕೆಜಿ, ಬಿಬ್ಬೆ ಕಾಲು ಕೆಜಿ. ಬಿಬ್ಬೆ ಅಂದರೆ ಇನ್ನೂ ಬಲಿಯದ ಎಳೆ ಗೋಡಂಬಿ, ನಮ್ಮ ಕಡೆ ಈಸ್ಟರ್ ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಬರುತ್ತದೆ. ಸುಲಿದದ್ದನ್ನೇ ಕೊಳ್ಳಿ. ಹಸಿ ಸಿಪ್ಪೆಯ ಸೊನೆ ತಾಗಿದರೆ ಚರ್ಮ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ, ಮಕ್ಕಳ ಕೈಗಂತೂ ಕೊಡಬೇಡಿ. ಸುಲಿದ ಬಿಬ್ಬೆಯನ್ನು ಬಿಸಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಳು ಪೊರೆ ತೆಗೆದು, ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆಯಲ್ಲಿ ತೊಂಡೆಕಾಯಿ ಜೊತೆ ಬೇಯಿಸಿ, ತೆಂಗಿನ ತುರಿ ಉದುರಿಸಿ. ಬಿಬ್ಬೆ ಸಿಗದ ಊರಿನಲ್ಲಿ ಒಣ ಗೋಡಂಬಿ ನಾಲ್ಕು ಗಂಟೆ ನೆನೆಸಿ ಹಾಕಿ.

ಸಲಾಡ್ ಊಟಕ್ಕೆ ಹತ್ತು ನಿಮಿಷ ಇರುವಾಗ ಹೆಚ್ಚಿ, ಉಪ್ಪು ಬಡಿಸುವಾಗ ಹಾಕಿ.

ಹಂತ 8: ಬಡಿಸುವುದು, ಕೂರುವುದು

ಬಾಫತ್ ಅನ್ನು ಸಣ್ಣ ಉರಿಯಲ್ಲಿ ಪೂರ್ತಿ ಕುದಿ ಬರುವವರೆಗೆ ಬಿಸಿ ಮಾಡಿ, ಬೆಚ್ಚಗಾದರೆ ಸಾಲದು. ಎಲ್ಲ ಪಾತ್ರೆಗಳನ್ನೂ ಮೇಜಿನ ಮೇಲೆಯೇ ಇಟ್ಟುಬಿಡಿ. ಸಾನ್ನಾವನ್ನು ಬಟ್ಟೆ ಹಾಸಿದ ಬುಟ್ಟಿಯಲ್ಲಿ ಮುಚ್ಚಿಟ್ಟರೆ ಒಂದು ಗಂಟೆ ಮೆತ್ತಗಿರುತ್ತದೆ, ಬಿಸಿಬಿಸಿ ತಂದು ಕೊಡುತ್ತೇನೆ ಅಂತ ಯಾರೂ ಒಲೆ ಹತ್ತಿರ ನಿಲ್ಲಬೇಕಾಗಿಲ್ಲ. ಪ್ರಾರ್ಥನೆ ಶುರುವಾಗುವ ಮೊದಲು ಗ್ಯಾಸ್ ಆರಿಸಿ. ಅಡುಗೆ ಮಾಡಿದವರಿಗೆ ಕುರ್ಚಿ ಎಳೆದು ಕೊಡಿ, ಮೊದಲ ಸಾನ್ನಾ ಅವರ ತಟ್ಟೆಗೆ ಹಾಕಿ. ಪಾತ್ರೆ ತೊಳೆಯುವುದು ಯಾರು ಅಂತ ಊಟಕ್ಕೆ ಮೊದಲೇ ಮಾತಾಡಿಕೊಳ್ಳಿ, ಅವರಲ್ಲದೆ ಬೇರೆ ಯಾರಾದರೂ ಆಗಲಿ.

ಪಕ್ಕದ ಮನೆಗೆ ಕಳಿಸುವ ಪಾಲನ್ನು ಊಟಕ್ಕೆ ಮೊದಲೇ ತೆಗೆದಿಡಿ. ಮಾಂಸ ತಿನ್ನದ ಮನೆಗೆ ಸಾನ್ನಾ ಮತ್ತು ಬಿಬ್ಬೆ ಪಲ್ಯ. ಮಾರ್ಜಿಪಾನ್‌ಗೆ ಮೊಟ್ಟೆಯ ಆಕಾರ ಇದ್ದರೂ ಅದರಲ್ಲಿ ಮೊಟ್ಟೆ ಇಲ್ಲ ಅಂತ ಹೇಳಿ ಕೊಡಿ, ಇಲ್ಲದಿದ್ದರೆ ಮುಟ್ಟಲು ಹಿಂಜರಿಯುತ್ತಾರೆ.

ಉಳಿದ ಕೋಳಿ ಸಾರನ್ನು ಅದೇ ರಾತ್ರಿ ಮುಗಿಸಿ, ತೆಂಗಿನ ಹಾಲು ಮರುದಿನಕ್ಕೆ ನಿಲ್ಲುವುದಿಲ್ಲ. ಬಾಫತ್ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, ಬೇಕಾದಷ್ಟನ್ನೇ ತೆಗೆದು ಬಿಸಿ ಮಾಡಿ. ಸೋಮವಾರ ಬೆಳಗ್ಗೆ ಉಳಿದ ಸಾನ್ನಾವನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಭಾನುವಾರ ಬಾಫತ್‌ನಿಂದ ತೆಗೆದಿಟ್ಟ ಕೊಬ್ಬಿನಲ್ಲಿ ಒಂದು ಚಮಚ ಕಾವಲಿಗೆ ಹಾಕಿ, ಕತ್ತರಿಸಿದ ಬದಿ ಕೆಳಗೆ ಮಾಡಿ ಕೆಂಪಗೆ ಸುಡಿ. ಅಂಚು ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಕರಿ ಚಹಾ.